ಇಂಗಾಲದ ಹೆಸರು, ನೀರಿನ ಗುರುತು: ಕರಿ ಉಲ್ಕಾಶಿಲೆಗಳನ್ನು ವಿಂಗಡಿಸುವುದು ಹೇಗೆ?

ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾದ ಒಸೈರಿಸ್-ರೆಕ್ಸ್ ನೌಕೆ ತಂದ ಕಪ್ಪು ಪುಡಿಯ ಸುದ್ದಿ ಇನ್ನೂ ನಿಂತಿಲ್ಲ. 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿದದ್ದು ಬರೀ 121.6 ಗ್ರಾಂ. ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ ಮತ್ತು ಆರ್‌ಎನ್‌ಎಗಳಿಗೆ ಬೇಕಾದ ಐದೂ ಪ್ರತ್ಯಾಮ್ಲಗಳು ಹಾಗೂ ಹಲವು ಬಗೆಯ ಉಪ್ಪುಗಳು ಅದರಲ್ಲಿವೆ ಎಂದು 2025ರ ಜನವರಿಯಲ್ಲಿ ವರದಿಯಾಯಿತು. ಅಂಥ ಪ್ರತಿ ವರದಿಯಲ್ಲೂ ಒಂದು ವಾಕ್ಯ ಇದ್ದೇ ಇರುತ್ತದೆ: ಬೆನ್ನುವಿನ ಕಲ್ಲು ಕಾರ್ಬನೇಷಿಯಸ್ ಕಾಂಡ್ರೈಟ್ (ಎಂದೂ ಕರಗಿ ನೀರಾಗದ, ಇಂಗಾಲದ ಹೆಸರು ಹೊತ್ತ ಕಲ್ಲಿನ ಕುಲ) ಉಲ್ಕಾಶಿಲೆಗಳನ್ನು ಹೋಲುತ್ತದೆ.

ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಕಡೆಯ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಹೆದ್ದಾರಿಯಲ್ಲಿ ಬರ್ಗೂರು ದಾಟಿದರೆ ಸಿಗುವ ನಾಟ್ರಂಪಳ್ಳಿಯ ಹೆಸರಿನ ಜೊತೆ 2016ರಲ್ಲೇ ಅದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಉಳಿದ ಗೊಂದಲವೇ ಈಗ ಬೆನ್ನು ಸುದ್ದಿಯ ಜೊತೆ ಮತ್ತೆ ತಲೆ ಎತ್ತಿದೆ. ಕಪ್ಪಗಿದ್ದು ಇಂಗಾಲ ತೋರಿಸಿದ ಕಲ್ಲು ಕಾರ್ಬನೇಷಿಯಸ್ ಕಾಂಡ್ರೈಟ್ ಆಗಿಬಿಡುತ್ತದೆಯೇ? ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂದು ತಿಳಿಯಬೇಕಾದರೆ ಕಲ್ಲಿನ ಒಳಗಿನ ಖನಿಜಗಳನ್ನೇ ನೋಡಬೇಕು.

ನಾಟ್ರಂಪಳ್ಳಿಯಲ್ಲಿ ಆದದ್ದು

2016ರ ಫೆಬ್ರುವರಿ 6ರಂದು, ಆಗ ವೇಲೂರು ಜಿಲ್ಲೆಗೆ ಸೇರಿದ್ದ (ಈಗ ತಿರುಪತ್ತೂರು ಜಿಲ್ಲೆ) ನಾಟ್ರಂಪಳ್ಳಿ ಬಳಿಯ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸ್ಫೋಟವಾಯಿತು. ಒಬ್ಬ ಬಸ್ ಚಾಲಕ ಸತ್ತರು, ಕೆಲವರಿಗೆ ಗಾಯವಾಯಿತು, ನೆಲದಲ್ಲಿ ಸಣ್ಣ ಗುಂಡಿ ಬಿತ್ತು, ಕಿಟಕಿ ಗಾಜುಗಳು ಒಡೆದವು. ಅಂದಿನ ಮುಖ್ಯಮಂತ್ರಿ ಜೆ. ಜಯಲಲಿತಾ ಅವರ ಹೇಳಿಕೆಯಲ್ಲಿ ಇದು ಉಲ್ಕೆ ಬಿದ್ದು ಆದ ಸಾವು ಎಂದೇ ಇತ್ತು. ಸ್ಥಳದಲ್ಲಿ ಸಿಕ್ಕ ಕಪ್ಪು ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರ್ಬನೇಷಿಯಸ್ ಕಾಂಡ್ರೈಟಿನ ಅಂಶ ಕಂಡಿದೆ ಎಂಬ ಪ್ರಾಥಮಿಕ ವರದಿಯೂ ಪ್ರಕಟವಾಯಿತು. ಇತ್ತ ನಾಸಾದವರು, ಪ್ರಕಟವಾದ ಚಿತ್ರಗಳು ನೆಲದ ಮೇಲೆ ಆದ ಸ್ಫೋಟಕ್ಕೇ ಹೆಚ್ಚು ಹೊಂದುತ್ತವೆ ಎಂದರು.

ಎರಡು ಹೇಳಿಕೆಗಳೂ ಓದುಗರ ಮುಂದೆ ಹಾಗೇ ಉಳಿದವು. ಒಂದು ಸಂಸ್ಥೆಯ ಮಾತಿಗಿಂತ ಇನ್ನೊಂದರ ಮಾತು ದೊಡ್ಡದು ಎಂಬ ಕಾರಣಕ್ಕೆ ಇಲ್ಲಿ ತೀರ್ಪು ಕೊಡುವುದು ಬೇಡ. ಪರೀಕ್ಷೆಯ ಬಗೆಯನ್ನು ನೋಡೋಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಎಕ್ಸ್-ರೇ ಪತ್ತೆಯಂತ್ರ ಒಂದು ಬಿಂದುವಿನಲ್ಲಿ ಯಾವ ಮೂಲಧಾತುಗಳಿವೆ ಎಂದು ತೋರಿಸುತ್ತದೆ. ಇಂಗಾಲ, ಆಮ್ಲಜನಕ, ಸಿಲಿಕಾನ್, ಕಬ್ಬಿಣ, ಮೆಗ್ನೀಸಿಯಮ್ ಇವೆ ಎಂದು ಅದು ಹೇಳೀತು. ಆದರೆ ಈ ಐದೂ ನಮ್ಮ ಹೊಲದ ಮಣ್ಣಿನಲ್ಲೂ ಇವೆ. ಇನ್ನೊಂದು ತೊಡಕೂ ಇದೆ. ವಿದ್ಯುತ್ ಹರಿಯದ ಕಲ್ಲನ್ನು ಈ ಯಂತ್ರಕ್ಕೆ ಇಡುವ ಮುನ್ನ ಅದರ ಮೇಲೆ ತೆಳುವಾಗಿ ಇಂಗಾಲವನ್ನೋ ಚಿನ್ನವನ್ನೋ ಲೇಪಿಸುತ್ತಾರೆ, ಪುಡಿಯಾಗಿದ್ದರೆ ಇಂಗಾಲದ ಅಂಟುಪಟ್ಟಿಯ ಮೇಲೆ ಕೂರಿಸುತ್ತಾರೆ. ಆಗ ಗ್ರಾಫಿನಲ್ಲಿ ಏಳುವ ಇಂಗಾಲದ ಗೆರೆ ಕಲ್ಲಿನದೋ ಲೇಪದ್ದೋ ಎಂದು ಬೇರ್ಪಡಿಸದೆ ಮಾತಾಡಲು ಬರುವುದಿಲ್ಲ. ಅದು ಕಲ್ಲಿನದೇ ಆಗಿದ್ದರೂ ಕಾರ್ಬನೇಷಿಯಸ್ ಕಾಂಡ್ರೈಟ್ ಎಂಬ ಹೆಸರನ್ನು ಇಂಗಾಲದ ಗೆರೆ ನೋಡಿ ಕೊಡುವುದಿಲ್ಲ.

ಹೆಸರೇ ದಾರಿ ತಪ್ಪಿಸುತ್ತದೆ

ಹೆಸರು ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1806ರಲ್ಲಿ ಫ್ರಾನ್ಸಿನ ಅಲೇ ಎಂಬಲ್ಲಿ, 1864ರ ಮೇ 14ರಂದು ಅದೇ ದೇಶದ ಒರ್ಗೈಯಲ್ಲಿ ಬಿದ್ದ ಕಲ್ಲುಗಳು ಇದ್ದಿಲಿನಂತೆ ಕಪ್ಪಗಿದ್ದವು, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿದ್ದವು, ಕಾಯಿಸಿದರೆ ಸಾವಯವ ವಸ್ತುವಿನಂತೆ ಹೊಗೆಯುಗುಳುತ್ತಿದ್ದವು. ಹಾಗಾಗಿ ಇಂಗಾಲದ ಹೆಸರು ಅಂಟಿಕೊಂಡಿತು. ಆಮೇಲೆ ರಾಸಾಯನಿಕ ವಿಶ್ಲೇಷಣೆ ಬೆಳೆದಂತೆ ಅದೇ ಕುಲದ ಇತರ ಕಲ್ಲುಗಳೂ ಒಳಗೆ ಬಂದವು. ಹೆಸರು ಮಾತ್ರ ಬದಲಾಗಲಿಲ್ಲ.

ಅಂಕಿಗಳನ್ನು ನೋಡಿ. ಒರ್ಗೈಯಂಥ ಕಲ್ಲಿನಲ್ಲಿ ತೂಕದ ಶೇ 3ಕ್ಕೂ ಮಿಕ್ಕಿ ಇಂಗಾಲ ಇದೆ, 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್‌ನಂಥದರಲ್ಲಿ ಸುಮಾರು ಶೇ 2. ಆದರೆ ಇದೇ ಕುಲಕ್ಕೆ ಸೇರಿದ, 1930ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿದ್ದ ಕರೂಂಡಾ ಬಗೆಯವುಗಳಲ್ಲಿ ಇಂಗಾಲ ಅತ್ಯಲ್ಪ. ಕಾರ್ಬನೇಷಿಯಸ್ ಅಲ್ಲದ ಎನ್‌ಸ್ಟಟೈಟ್ ಕಾಂಡ್ರೈಟುಗಳಲ್ಲಿ ಅದಕ್ಕಿಂತ ಹೆಚ್ಚಿನ ಇಂಗಾಲ ಸಿಗುತ್ತದೆ. ಯೂರಿಲೈಟ್ ಎಂಬ ಬೇರೆಯೇ ಬಗೆಯ ಉಲ್ಕಾಶಿಲೆಗಳಲ್ಲಿ ಗ್ರಾಫೈಟ್, ಕಿರುವಜ್ರಗಳ ರೂಪದಲ್ಲಿ ಒರ್ಗೈಗೆ ಸರಿಸಾಟಿಯಾಗುವಷ್ಟು ಇಂಗಾಲ ಇರುತ್ತದೆ. ಅವು ಕಾಂಡ್ರೈಟುಗಳೇ ಅಲ್ಲ, ಏಕೆಂದರೆ ಅವು ಒಮ್ಮೆ ಕರಗಿದ ಕಲ್ಲುಗಳು.

ಹಾಗಾದರೆ ಕುಲವನ್ನು ಹಿಡಿಯುವುದು ಯಾವುದರಿಂದ? ಮುಖ್ಯವಾಗಿ ಎರಡು ಅಳತೆಗಳಿಂದ. ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಟೈಟಾನಿಯಂನಂಥ, ಬಹಳ ಬಿಸಿಯಲ್ಲೂ ಆವಿಯಾಗದ ಧಾತುಗಳು ಮೆಗ್ನೀಸಿಯಮ್‌ಗೆ ಹೋಲಿಸಿದರೆ ಎಷ್ಟಿವೆ ಎಂಬುದು ಮೊದಲನೆಯದು. ಒರ್ಗೈ ಬಗೆಯನ್ನು 1.00 ಎಂದಿಟ್ಟುಕೊಂಡರೆ ಕಾರ್ಬನೇಷಿಯಸ್ ಕುಲದ ಕಲ್ಲುಗಳಲ್ಲಿ ಈ ಪ್ರಮಾಣ 1.00ರಿಂದ ಸುಮಾರು 1.35ರವರೆಗೆ ಇರುತ್ತದೆ, ಸಾಮಾನ್ಯ ಕಾಂಡ್ರೈಟುಗಳಲ್ಲಿ (ಅತಿ ಹೆಚ್ಚಾಗಿ ಬೀಳುವ ಬಗೆ) 0.9ರ ಆಸುಪಾಸು. ಆಮ್ಲಜನಕದ ಮೂರು ಐಸೋಟೋಪುಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಪ್ರಮಾಣ ಎರಡನೆಯದು. ಅದನ್ನು ಗ್ರಾಫಿನಲ್ಲಿ ಗುರುತಿಸಿದರೆ ಭೂಮಿಯ ಕಲ್ಲು, ನೀರುಗಳೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತವೆ, ಅದರ ಓರೆ ಸುಮಾರು 0.52. ಕಾರ್ಬನೇಷಿಯಸ್ ಕಾಂಡ್ರೈಟಿನ ಒಣ ಖನಿಜಗಳು ಹೆಚ್ಚು ಕಡಿಮೆ 1ರ ಓರೆಯ ಬೇರೊಂದು ಗೆರೆಯ ಮೇಲೆ ಬೀಳುತ್ತವೆ ಎಂದು ಕ್ಲೇಟನ್ ಮತ್ತು ಜೊತೆಗಾರರು 1973ರಲ್ಲಿ ತೋರಿಸಿದರು. ಕುಲುಮೆಯ ಕಿಟ್ಟವೋ ಕ್ವಾರಿಯ ಕರಿಕಲ್ಲೋ ಎಷ್ಟೇ ಬೆಂದರೂ ಆ ಗೆರೆಗೆ ಹೋಗಿ ಕೂರುವುದಿಲ್ಲ.

ಕಲ್ಲಿನೊಳಗಿನ ಮೂರು ಪಾಲು

ತಾಜಾ ಮುರಿದ ಮುಖವನ್ನು ಹತ್ತುಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ನೋಡಿದರೆ ಸಾಮಾನ್ಯವಾಗಿ ಮೂರು ಬಗೆಯ ವಸ್ತು ಕಾಣುತ್ತದೆ.

ಮೊದಲನೆಯದು ಬಿಳಿ ಚುಕ್ಕೆಗಳು, ಅಂದರೆ ಕ್ಯಾಲ್ಸಿಯಂ–ಅಲ್ಯೂಮಿನಿಯಂ ಸೇರಿಕೆಗಳು. ಮೆಲಿಲೈಟ್, ಸ್ಪಿನೆಲ್, ಅನಾರ್ಥೈಟ್, ಹಿಬೊನೈಟ್, ಪೆರೊವ್‌ಸ್ಕೈಟ್‌ನಂಥ, ಸಾವಿರದ ಮುನ್ನೂರು ಡಿಗ್ರಿಯ ಆಚೆಗೂ ಗಟ್ಟಿಯಾಗಿ ನಿಲ್ಲಬಲ್ಲ ಖನಿಜಗಳು ಇವುಗಳಲ್ಲಿವೆ. ಸೂರ್ಯನ ಸುತ್ತಲ ಅನಿಲ ತಣಿಯುವಾಗ ಮೊದಲು ಗಟ್ಟಿಯಾದದ್ದು ಇವೇ. ಸೀಸದ ಐಸೋಟೋಪುಗಳ ಪ್ರಕಾರ ಇವುಗಳ ವಯಸ್ಸು 456.73 ಕೋಟಿ ವರ್ಷ. ಸೌರಮಂಡಲದ ವಯಸ್ಸು ಎಂದು ಪಠ್ಯಪುಸ್ತಕಗಳು ಕೊಡುವ ಅಂಕಿ ಈ ಚುಕ್ಕೆಗಳಿಂದಲೇ ಬಂದದ್ದು. 1969ರ ಫೆಬ್ರುವರಿ 8ರಂದು ಮೆಕ್ಸಿಕೋದಲ್ಲಿ ಸುಮಾರು ಎರಡು ಟನ್ ಬಿದ್ದ ಅಯೆಂದೆ ಉಲ್ಕಾಶಿಲೆಯಲ್ಲಿ ಇವು ಸೆಂಟಿಮೀಟರ್ ಗಾತ್ರದವರೆಗೂ ಸಿಗುತ್ತವೆ.

ಎರಡನೆಯದು ಕಾಂಡ್ರೂಲ್ ಎಂಬ ದುಂಡು ಕಾಳುಗಳು. ಕಾಂಡ್ರೈಟ್ ಎಂಬ ಹೆಸರು ಬಂದದ್ದು ಇವುಗಳಿಂದಲೇ. ಬಾಹ್ಯಾಕಾಶದಲ್ಲೇ ಕರಗಿ ಹನಿಯಾಗಿ ಗಂಟೆಗಳಲ್ಲಿ ತಣಿದವು, ಬಹುಪಾಲು ಆಲಿವೀನ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳು. ಇವು ಮೊದಲ ಚುಕ್ಕೆಗಳ ನಂತರದ ಕೆಲವು ದಶಲಕ್ಷ ವರ್ಷಗಳಲ್ಲಿ ಆದವು.

ಈ ಎರಡನ್ನೂ ಹಿಡಿದಿಟ್ಟ ಕಪ್ಪು ಹಿಟ್ಟು ಮೂರನೆಯದು. ಇದಕ್ಕೆ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಇಂಗಾಲದ ಸಂಯುಕ್ತಗಳು, ಸೂರ್ಯನಿಗೂ ಹಿಂದಿನ ನಕ್ಷತ್ರಗಳ ಧೂಳು, ಸಲ್ಫೈಡುಗಳು, ನೀರು ಕುಡಿದ ಜೇಡಿ ಎಲ್ಲವೂ ಇರುವುದು ಇಲ್ಲಿ. ಮುಖ್ಯ ಕಥೆ ನಡೆಯುವುದೂ ಇಲ್ಲೇ.

ಕ್ಷುದ್ರಗ್ರಹ ಕೂಡಿಕೊಳ್ಳುವಾಗ ಧೂಳಿನ ಜೊತೆ ಮಂಜುಗಡ್ಡೆಯೂ ಸೇರಿತ್ತು. ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಐಸೋಟೋಪ್ (ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ) ಕ್ಷಯಿಸುತ್ತ ಕೊಟ್ಟ ಶಾಖಕ್ಕೆ ಅದು ಕರಗಿತು. ನೀರು ಆಲಿವೀನನ್ನು ತಿಂದು ಸರ್ಪೆಂಟೀನ್, ಸ್ಯಾಪೊನೈಟ್ ಎಂಬ ಪದರ ಖನಿಜಗಳನ್ನಾಗಿ ಮಾಡಿತು. ಕಬ್ಬಿಣ ಮ್ಯಾಗ್ನಟೈಟ್ ಆಯಿತು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡು ಡಾಲಮೈಟ್, ಕ್ಯಾಲ್ಸೈಟ್‌ಗಳಾಗಿ ಕೂತಿತು. ಇದು ಅನ್ಯಲೋಕದ ರಸಾಯನವೇನಲ್ಲ. ಸೇಲಂ ಊರಿನ ಹೊರಗಿರುವ ಸುಣ್ಣದಂತೆ ಬೆಳ್ಳಗಿನ ಚಾಕ್ ಹಿಲ್ಸ್ ಗುಡ್ಡಗಳನ್ನು ನೋಡಿದವರು ಇದರ ಸೋದರ ಕ್ರಿಯೆಯನ್ನು ನೋಡಿದ್ದಾರೆ: ಆಲಿವೀನ್ ತುಂಬಿದ ಡ್ಯೂನೈಟ್ ಕಲ್ಲಿನೊಳಗೆ ಇಂಗಾಲಾಮ್ಲದ ನೀರು ಹರಿದು ಮ್ಯಾಗ್ನಸೈಟಿನ ಬಿಳಿ ಎಳೆಗಳನ್ನು ಬಿಟ್ಟಿದೆ. ಬೆನ್ನುವಿನ ಪುಡಿಯಲ್ಲಿ ಸಿಕ್ಕ ಸೋಡಿಯಂ ಕಾರ್ಬೊನೇಟ್ ಉಪ್ಪುಗಳೂ ನಮಗೆ ಪರಿಚಿತವೇ. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳುಮಣ್ಣಿನ ಸತ್ವ ಸೋಡಿಯಂ ಕಾರ್ಬೊನೇಟೇ. ಚೌಳು ಮೇಲೇಳಬೇಕಾದರೆ ನೀರು ಇಂಗಿ ಉಪ್ಪು ಉಳಿಯಬೇಕು. ಬೆನ್ನು ಒಡೆದು ಬಂದ ದೊಡ್ಡ ತಾಯಿಗ್ರಹದ ಒಳಗೂ ಉಪ್ಪುನೀರಿನ ಜೇಬುಗಳಿದ್ದು, ಅವು ಒಣಗಿದವು ಎಂಬ ತೀರ್ಮಾನಕ್ಕೆ ಈ ಉಪ್ಪುಗಳೇ ಆಧಾರ.

ಅಕ್ಷರ ಒಂದು, ಅಂಕಿ ಒಂದು

ಪತ್ರಿಕೆಗಳಲ್ಲಿ ಬರುವ ಸಿಐ1, ಸಿಎಮ್2, ಸಿವಿ3 ಎಂಬ ಗುರುತುಗಳಲ್ಲಿ ಎರಡು ಮಾಹಿತಿ ಇರುತ್ತವೆ. ಅಕ್ಷರ ಎಂದರೆ ರಾಗಿ ಯಾವ ಹೊಲದ್ದು ಎಂಬಂತೆ. ಅಂಕಿ ಎಂದರೆ ಮನೆಗೆ ತಂದಮೇಲೆ ಅದನ್ನು ನೆನೆಸಿದರೋ ಹುರಿದರೋ ಎಂಬಂತೆ.

ಅಂಕಿಯ ಪದ್ಧತಿಯನ್ನು 1967ರಲ್ಲಿ ವ್ಯಾನ್ ಸ್ಮಸ್ ಮತ್ತು ವುಡ್ ರೂಪಿಸಿದರು. ಇದರಲ್ಲಿ 3 ಎಂದರೆ ಒಣ ಕಾಳು, ಹೆಚ್ಚೇನೂ ಬದಲಾಗದ್ದು. 3ರಿಂದ 2, 1ರ ಕಡೆ ಹೋದಂತೆ ನೀರಿನಲ್ಲಿ ನೆಂದದ್ದು ಹೆಚ್ಚು. 4, 5, 6 ಎಂದರೆ ಕಾದದ್ದು ಹೆಚ್ಚು. 1 ಎಂಬುದನ್ನು ಮೊದಲ ದರ್ಜೆ ಎಂದು ಓದಿಕೊಳ್ಳುವ ತಪ್ಪು ಬಹಳ ಕಡೆ ಆಗುತ್ತದೆ. ನಿಜದಲ್ಲಿ 1ರಲ್ಲಿ ಕಾಂಡ್ರೂಲುಗಳೇ ಉಳಿದಿರುವುದಿಲ್ಲ; ನೀರು ಎಲ್ಲವನ್ನೂ ಜೇಡಿ ಮಾಡಿದೆ.

ಅಕ್ಷರಗಳ ಮೊದಲ ಸಿ ಕುಲದ್ದು, ಎರಡನೆಯದು ಸಾಮಾನ್ಯವಾಗಿ ಮಾದರಿ ಕಲ್ಲು ಸಿಕ್ಕ ಊರಿನದು. ಸಿಐ ಎಂದರೆ ಟಾಂಜಾನಿಯಾದ ಇವುನಾ (1938). ಇದರಲ್ಲಿ ಶೇ 95ಕ್ಕೂ ಹೆಚ್ಚು ಮ್ಯಾಟ್ರಿಕ್ಸ್: ಸರ್ಪೆಂಟೀನ್ ಮತ್ತು ಸ್ಯಾಪೊನೈಟ್ ಬೆಸೆದ ಜೇಡಿ, ಗೊಂಚಲು ಗೊಂಚಲಾದ ಮ್ಯಾಗ್ನಟೈಟ್, ಪಿರೋಟೈಟ್, ಡಾಲಮೈಟ್. ಕಾಂಡ್ರೂಲ್ ಇಲ್ಲ, ಕಬ್ಬಿಣದ ಲೋಹ ಇಲ್ಲ. ಆದರೂ ಹೆಸರು ಕಾಂಡ್ರೈಟ್. ಹೈಡ್ರೋಜನ್, ಹೀಲಿಯಂನಂಥ ಅನಿಲಗಳನ್ನೂ ಲಿಥಿಯಂನಂಥ ಒಂದೆರಡು ಅಪವಾದಗಳನ್ನೂ ಬಿಟ್ಟರೆ ಇದರ ಧಾತುಗಳ ಪ್ರಮಾಣ ಸೂರ್ಯನ ಮೇಲ್ಮೈಯ ಪ್ರಮಾಣಕ್ಕೆ ತಾಳೆಯಾಗುತ್ತದೆ. ಅಷ್ಟು ನೆಂದರೂ ಇದು ಹೇಗೆ ಸಾಧ್ಯ? ನೀರು ಖನಿಜಗಳನ್ನು ಬದಲಿಸಿತು, ಆದರೆ ಧಾತುಗಳನ್ನು ಹೊತ್ತು ದೂರ ಹೋಗಲಿಲ್ಲ. ನೆನೆಸಿದ ನೀರನ್ನು ಚೆಲ್ಲದೆ ಅದರಲ್ಲೇ ಕಾಳು ಹಿಂಗಿಸಿದರೆ ಪಾತ್ರೆಯ ಸತ್ವ ಪಾತ್ರೆಯಲ್ಲೇ ಇರುತ್ತದಲ್ಲ, ಹಾಗೆ. ಈ ಕಾರಣಕ್ಕೇ ಭೂರಸಾಯನದ ಅಸಂಖ್ಯ ಕೋಷ್ಟಕಗಳಿಗೆ ಸಿಐ ಅಳತೆಗೋಲು. ಬೀಳುವುದನ್ನು ಕಂಡು ಎತ್ತಿಕೊಂಡ ಸಿಐ ಕಲ್ಲುಗಳು ಐದೇ: ಅಲೇ, ಒರ್ಗೈ, ಇವುನಾ, ಕೆನಡಾದ ರೆವೆಲ್‌ಸ್ಟೋಕ್ ಮತ್ತು ನಮ್ಮ ರಾಜಸ್ಥಾನದ ಟೋಂಕ್ (1911).

ಸಿಎಮ್ ಎಂದರೆ ಉಕ್ರೇನಿನ ಮಿಘೇಯಿ. ಇದು ಅರ್ಧ ನೆಂದದ್ದು. ಸುಮಾರು 0.3 ಮಿಲಿಮೀಟರಿನ ಕಾಂಡ್ರೂಲುಗಳು ಐದರಲ್ಲೊಂದು ಪಾಲು. ಮಿಕ್ಕ ಬಹುಭಾಗ ಮ್ಯಾಟ್ರಿಕ್ಸ್. ಕಬ್ಬಿಣ ತುಂಬಿದ ಕ್ರಾನ್‌ಸ್ಟೆಡ್ಟೈಟ್ ಎಂಬ ಸರ್ಪೆಂಟೀನ್ ಮತ್ತು ಗಂಧಕದ ಪದರಗಳಿರುವ ಟೋಚಿಲಿನೈಟ್ ಹೆಣೆದುಕೊಂಡಿರುವುದು ಇದರ ಬೆರಳಚ್ಚು. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ನೂರು ಕಿಲೋಗೂ ಹೆಚ್ಚು ಸಿಕ್ಕ ಮರ್ಚಿಸನ್ ಈ ಬಗೆಯದು. 2017ರ ಜೂನ್ 6ರ ಬೆಳಗ್ಗೆ ಜೈಪುರದ ಬಳಿ ಮುಕುಂದಪುರದಲ್ಲಿ ಬಿದ್ದದ್ದೂ ಇದೇ.

ಮಿಕ್ಕವುಗಳಲ್ಲಿ ಹೆಚ್ಚಿನವು ಒಣ ಕುಟುಂಬಗಳು. ಸಿವಿಯಲ್ಲಿ (ಇಟಲಿಯ ವಿಗರಾನೋ) ಕಾಂಡ್ರೂಲುಗಳು ಮಿಲಿಮೀಟರ್ ಗಾತ್ರ, ಬಿಳಿ ಚುಕ್ಕೆಗಳು ದೊಡ್ಡವು. ಅಯೆಂದೆ ಇದಕ್ಕೆ ಸೇರಿದ್ದು. ಸಿಓದಲ್ಲಿ (ಫ್ರಾನ್ಸಿನ ಓರ್ನಾನ್) ಕಾಂಡ್ರೂಲು 0.15 ಮಿಲಿಮೀಟರ್ ಮಾತ್ರ. ಸಿಕೆ ಎಂದರೆ ಹುರಿದದ್ದು. ಲೋಹ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಬದಲಿಗೆ ಮ್ಯಾಗ್ನಟೈಟ್. ಸಿಆರ್‌ನಲ್ಲಿ ಲೋಹ ಶೇ 5ರಿಂದ 8. ಸಿಎಚ್‌ನಲ್ಲಿ ಐದರಲ್ಲೊಂದು ಪಾಲು, ಸಿಬಿಯಲ್ಲಿ ಅರ್ಧಕ್ಕೂ ಹೆಚ್ಚು ಲೋಹ. ಇಂಗಾಲದ ಕುಲವೆಂದು ಕರೆದ ಮನೆಯಲ್ಲೇ ಅರ್ಧಕ್ಕರ್ಧ ಕಬ್ಬಿಣದ ಸದಸ್ಯನಿದ್ದಾನೆ.

ಒರ್ಗೈಯ ಬಿಳಿ ಎಳೆಗಳು

ಈ ವಿಂಗಡಣೆಗೆ ದೊಡ್ಡ ಪೆಟ್ಟು ಬಿದ್ದದ್ದು 2020ರ ಡಿಸೆಂಬರ್ 6ರ ನಂತರ. ಜಪಾನಿನ ಹಯಾಬುಸ-2 ರ್‍ಯುಗು ಕ್ಷುದ್ರಗ್ರಹದಿಂದ ತಂದ 5.4 ಗ್ರಾಂ ಮಾದರಿ ಅಂದು ಆಸ್ಟ್ರೇಲಿಯಾದಲ್ಲಿ ಇಳಿಯಿತು. ಧಾತುಗಳ ಲೆಕ್ಕದಲ್ಲಿ ಅದು ಸಿಐ. ಖನಿಜಗಳಲ್ಲಿ ಮಾತ್ರ ಎರಡು ಕೊರತೆ ಕಂಡವು: ಸಿಐ ಕಲ್ಲುಗಳಲ್ಲಿ ಇರುವ ಸಲ್ಫೇಟುಗಳು ಮತ್ತು ಫೆರಿಹೈಡ್ರೈಟ್ ಎಂಬ ತುಕ್ಕು ಅದರಲ್ಲಿ ಇರಲಿಲ್ಲ. ನೀರಿನ ಅಂಶವೂ ಅರ್ಧದಷ್ಟೇ.

ಕಾರಣದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಒರ್ಗೈ ಕಲ್ಲಿನಲ್ಲಿ ಮೆಗ್ನೀಸಿಯಮ್ ಸಲ್ಫೇಟಿನ ಬಿಳಿ ಎಳೆಗಳಿವೆ. ಕ್ಷುದ್ರಗ್ರಹದೊಳಗೆ ಗಂಧಕದ ಉಪ್ಪುನೀರು ಹರಿದ ದಾರಿಗಳು ಅವು ಎಂದು ದಶಕಗಳ ಕಾಲ ಬರೆಯಲಾಗಿತ್ತು. ಆದರೆ 1864ರಲ್ಲಿ ಕಲ್ಲನ್ನು ಮೊದಲು ನೋಡಿದವರ ವಿವರಣೆಗಳಲ್ಲಿ ಆ ಎಳೆಗಳ ಮಾತೇ ಇಲ್ಲ. ಗೂನೆಲ್ ಮತ್ತು ಝೊಲೆನ್‌ಸ್ಕಿ 2001ರಲ್ಲಿ ಇದನ್ನು ಎತ್ತಿ ತೋರಿಸಿ, ಸಂಗ್ರಹಾಲಯದ ಗಾಳಿಯ ತೇವಕ್ಕೆ ಸಲ್ಫೇಟು ಕರಗಿ, ಬಿರುಕುಗಳಿಗೆ ಸರಿದು, ಒಣಗಿ ಎಳೆಯಾಯಿತು ಎಂದು ವಾದಿಸಿದರು. ರ್‍ಯುಗು ಮಾದರಿ ಆ ವಾದಕ್ಕೆ ಗಟ್ಟಿ ಬೆಂಬಲ ಕೊಟ್ಟಿತು.

ಇದರ ಪರಿಣಾಮ ಸಣ್ಣದಲ್ಲ. ನಾವು ಸಿಐ ಎಂದು ಅಳತೆಗೋಲಾಗಿ ಇಟ್ಟುಕೊಂಡ ಐದು ಕಲ್ಲುಗಳೂ ಭೂಮಿಯ ಗಾಳಿ ಕುಡಿದವು. ಧಾತುಗಳ ಅನುಪಾತದ ಮಟ್ಟಿಗೆ ಅಳತೆಗೋಲು ನಿಂತಿದೆ. ಖನಿಜ, ನೀರು, ಹೈಡ್ರೋಜನ್, ಸಾವಯವ ಅಣುಗಳ ಮಟ್ಟಿಗೆ ಹಳೆಯ ಅಂಕಿಗಳನ್ನು ಮತ್ತೆ ತೂಗಿ ನೋಡಬೇಕಾಗಿದೆ. ರ್‍ಯುಗುವಿನ ಡಾಲಮೈಟ್ ಮತ್ತು ಮ್ಯಾಗ್ನಟೈಟ್ ಜೋಡಿಯ ಆಮ್ಲಜನಕದಿಂದ ಅಲ್ಲಿನ ನೀರಿನ ಬಿಸಿ ಸುಮಾರು 37 ಡಿಗ್ರಿ ಎಂದು ಸಿಕ್ಕಿದೆ. ಮುಟ್ಟಿದರೆ ಮೈಬಿಸಿಯಷ್ಟೇ ಇರುವ ನೀರು. ಇಂಥ ನವಿರಾದ ಲೆಕ್ಕ ಮಳೆಗೆ ನೆಂದ ಕಲ್ಲಿನಲ್ಲಿ ಬರುವುದಿಲ್ಲ.

ತಜ್ಞರ ನಡುವಿನ ತಕರಾರು

ಅಕ್ಷರ–ಅಂಕಿ ಪದ್ಧತಿಯ ಬಗ್ಗೆ ಈಗ ಎದ್ದಿರುವ ತಕರಾರುಗಳಲ್ಲಿ ಮೊದಲನೆಯದು ಗಡಿಗಳದ್ದು. ಮುಕುಂದಪುರದ ಕಲ್ಲನ್ನೇ ನೋಡಿ: ಅಧಿಕೃತ ವರ್ಗ ಸಿಎಮ್2, ನೀರಿನ ಕೆಲಸ ಎಷ್ಟು ಮುಂದುವರಿದಿದೆ ಎಂದರೆ ಅದು ಸಿಎಮ್1ರ ಹೊಸ್ತಿಲಲ್ಲಿದೆ ಎಂದು ಅಧ್ಯಯನವೊಂದು ಹೇಳಿತು. ಇಬ್ಬರೂ ತಪ್ಪಲ್ಲ. ಇಂಥ ಕಲ್ಲು ಒಡೆದು ಮತ್ತೆ ಬೆಸೆದ ಬೆರಕೆ ಕಲ್ಲು. ಒಂದು ಸೆಂಟಿಮೀಟರ್ ಆಚೆಯ ಚೂರು ಹೆಚ್ಚು ನೆಂದಿರಬಹುದು. ಯಾವ ಚೂರಿನಿಂದ ಪರೀಕ್ಷೆಗೆ ತೆಳು ಛೇದ ಮಾಡಿದಿರಿ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಅದಕ್ಕಾಗಿಯೇ ಸಿಎಮ್‌ಗಳಿಗೆ 2.0, 2.1, 2.2 ಎಂಬ ದಶಮಾಂಶದ ಮೆಟ್ಟಿಲುಗಳನ್ನು 2007ರಿಂದ ಬಳಸುತ್ತಿದ್ದಾರೆ.

ಎರಡನೆಯದು, ಒಂದು ಅಕ್ಷರಕ್ಕೆ ಒಂದೇ ತಾಯಿಗ್ರಹವೇ ಎಂಬುದು. ಸಿವಿ ಮತ್ತು ಸಿಕೆ ಒಂದೇ ಗ್ರಹದ ಹೊರಪದರ, ಒಳಪದರ ಎಂದು ಒಂದು ಬಣ. ಕಾಂಡ್ರೂಲಿನ ಗಾತ್ರವೂ ರಸಾಯನವೂ ಹೊಂದುವುದಿಲ್ಲ ಎಂದು ಇನ್ನೊಂದು. 2008ರ ಅಕ್ಟೋಬರ್ 7ರಂದು ಸುಡಾನಿನಲ್ಲಿ ಬಿದ್ದ ಅಲ್ಮಹಾತಾ ಸಿತ್ತಾ ಎರಡೂ ಬಣಗಳನ್ನು ಎಚ್ಚರಿಸಿತು. ಆಕಾಶದಲ್ಲಿ ಒಂದೇ ಬಂಡೆಯಾಗಿ ಕಂಡದ್ದರ ಚೂರುಗಳಲ್ಲಿ ಯೂರಿಲೈಟೂ ಹಲವು ಬಗೆಯ ಕಾಂಡ್ರೈಟುಗಳೂ ಸಿಕ್ಕವು.

ಮೂರನೆಯ ವಾದ ಹೆಚ್ಚು ಮೂಲಭೂತವಾದದ್ದು. ಕ್ರೋಮಿಯಂ-54, ಟೈಟಾನಿಯಂ-50ರಂಥ ಐಸೋಟೋಪುಗಳನ್ನು ಅಳೆದರೆ ಎಲ್ಲ ಉಲ್ಕಾಶಿಲೆಗಳೂ ಎರಡೇ ಗುಂಪಾಗಿ ಒಡೆಯುತ್ತವೆ ಎಂದು 2011ರಲ್ಲಿ ವಾರೆನ್ ತೋರಿಸಿದರು. ಒಂದು ಕಾರ್ಬನೇಷಿಯಸ್, ಇನ್ನೊಂದು ಅಲ್ಲದ್ದು. ಕಾರ್ಬನೇಷಿಯಸ್ ಗುಂಪಿನೊಳಗೆ ಇಂಗಾಲ ಅತ್ಯಲ್ಪವಾಗಿರುವ ಕೆಲವು ಕಬ್ಬಿಣದ ಉಲ್ಕಾಶಿಲೆಗಳೂ ಬರುತ್ತವೆ. ಎರಡೂ ಗುಂಪುಗಳ ನಡುವೆ ಗುರು ಗ್ರಹ ಬೆಳೆದು ಗೋಡೆಯಾಯಿತು ಎಂದು ಒಂದು ವಿವರಣೆ. ಗುರುವಿಗೂ ಮೊದಲೇ ಸೂರ್ಯನ ಸುತ್ತಲ ಧೂಳಿನ ತಟ್ಟೆಯಲ್ಲಿ ಒತ್ತಡದ ದಿಬ್ಬವೊಂದು ತಡೆಯಾಗಿತ್ತು ಎಂದು ಇನ್ನೊಂದು. ನನಗೆ ಕಾಣುವಂತೆ ಐಸೋಟೋಪಿನ ವಿಂಗಡಣೆ ಹುಟ್ಟೂರನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತದೆ, ಖನಿಜದ ವಿಂಗಡಣೆ ಬಾಳಿದ ಬದುಕನ್ನು ಹೇಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಒತ್ತಾಯ ಅನಗತ್ಯ.

ಈ ಪದ್ಧತಿಯಲ್ಲಿ ಎಲ್ಲಿಯೂ ಕೂರದ ಕಲ್ಲುಗಳೂ ಇವೆ. 2000ದ ಜನವರಿ 18ರಂದು ಕೆನಡಾದ ಹೆಪ್ಪುಗಟ್ಟಿದ ಟ್ಯಾಗಿಶ್ ಸರೋವರದ ಮೇಲೆ ಬಿದ್ದದ್ದನ್ನು ಇಂದಿಗೂ ಗುಂಪಿಲ್ಲದ ಸಿ2 ಎಂದೇ ಬರೆಯುತ್ತಾರೆ.

ನಮ್ಮ ಕಡೆಯ ಕರಿಕಲ್ಲುಗಳು

ಬೀಳುವ ಉಲ್ಕಾಶಿಲೆಗಳಲ್ಲಿ ಕಾರ್ಬನೇಷಿಯಸ್ ಕಾಂಡ್ರೈಟುಗಳು ನೂರಕ್ಕೆ ನಾಲ್ಕೈದು ಮಾತ್ರ. ಕೃಷ್ಣಗಿರಿ ಸೀಮೆಯಲ್ಲಿ ಅವನ್ನು ಹೋಲುವ ಭೂಮಿಯ ಕಲ್ಲುಗಳಿಗೆ ಮಾತ್ರ ಕೊರತೆಯಿಲ್ಲ. ಕರಿ ಗ್ರಾನೈಟ್ ಎಂದು ಕ್ವಾರಿಗಳಿಂದ ಕಡಿಯುವುದು ಡಾಲರೈಟ್. ಅದರ ಬಿಸಿಲುಂಡ ಗುಂಡು ಕರಿ ಸಿಪ್ಪೆ ಹೊದ್ದಂತೆ ಕಾಣುತ್ತದೆ. ಹೊಸೂರಿನ ಕಾರ್ಖಾನೆ ಬಯಲುಗಳಲ್ಲಿ ಎರಕದ ಕಿಟ್ಟ ಸಿಗುತ್ತದೆ. ಕಿಟ್ಟ ಈ ನೆಲಕ್ಕೆ ಹೊಸದೂ ಅಲ್ಲ. ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು 2022ರಲ್ಲಿ ತಮಿಳುನಾಡು ಸರಕಾರ ಪ್ರಕಟಿಸಿತು. ಅಷ್ಟು ಹಳೆಯ ಕುಲುಮೆಗಳ ನಾಡಿದು.

ಕಿಟ್ಟವನ್ನು ಮುರಿದರೆ ಒಳಗೆ ಗುಳ್ಳೆ, ಗಾಜಿನ ಹೊಳಪು ಕಾಣುತ್ತದೆ. ಕಾಂಡ್ರೈಟಿನೊಳಗೆ ಗುಳ್ಳೆ ಇರುವುದಿಲ್ಲ. ಡಾಲರೈಟಿನಲ್ಲಿ ಒಂದಕ್ಕೊಂದು ಹೆಣೆದ ಉದ್ದ ಹರಳುಗಳಿರುತ್ತವೆ; ದುಂಡು ಕಾಳು ಇರುವುದಿಲ್ಲ. ಉಲ್ಕಾಶಿಲೆಯ ಹೊರಗಿನ ಸುಟ್ಟ ಸಿಪ್ಪೆ ಒಂದು ಮಿಲಿಮೀಟರಿನ ಒಳಗೆ, ತೆಳುವಾದದ್ದು.

ಅಂತರ್ಜಾಲದಲ್ಲಿ ಹೇಳಿಕೊಡುವ ಪರೀಕ್ಷೆಗಳಲ್ಲಿ ಮೂರು ಈ ಕುಲಕ್ಕೆ ಕೆಲಸಕ್ಕೆ ಬರುವುದಿಲ್ಲ, ಕೆಲವೊಮ್ಮೆ ಹಾನಿ ಮಾಡುತ್ತವೆ. ಆಯಸ್ಕಾಂತದ ಪರೀಕ್ಷೆ ಲೋಹವಿರುವ ಸಾಮಾನ್ಯ ಕಾಂಡ್ರೈಟಿಗೆ ಸರಿ. ಸಿಐ, ಸಿಎಮ್‌ಗಳು ಮ್ಯಾಗ್ನಟೈಟಿನಿಂದ ಒಂದಿಷ್ಟು ಎಳೆದಾವು ಅಷ್ಟೇ. ಅದಕ್ಕಿಂತ ಕೆಟ್ಟದ್ದು, ಕೈಯ ಆಯಸ್ಕಾಂತ ತಾಗಿಸಿದೊಡನೆ ಕಲ್ಲು ಸೌರಮಂಡಲದ ಆರಂಭದಿಂದ ಹೊತ್ತು ತಂದ ಕಾಂತೀಯ ದಾಖಲೆ ಅಳಿಸಿಹೋಗುತ್ತದೆ. ನಿಕ್ಕಲ್ ಇದ್ದರೆ ಬಣ್ಣ ತೋರಿಸುವ ರಾಸಾಯನಿಕ ಪರೀಕ್ಷೆಯೂ ಲೋಹವನ್ನು ನೆಚ್ಚಿದ್ದು. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ನೋಡುವುದಂತೂ ಬೇಡವೇ ಬೇಡ: ಸಿಐ ಕಲ್ಲು ನೀರಿಗೆ ಬಿದ್ದರೆ ಕೆಸರಾಗುತ್ತದೆ, ಉಪ್ಪುಗಳು ಕರಗಿಹೋಗುತ್ತವೆ.

ಸಾಂದ್ರತೆ ಮಾತ್ರ ಒಳ್ಳೆಯ ಸುಳಿವು. ನೀರಿನ ಬದಲು ಕಾಳು ಬಳಸಿ. ಕಲ್ಲನ್ನು ಶುದ್ಧ ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ. ಅಳತೆ ಗೆರೆಯಿರುವ ಗಾಜಿನ ಪಾತ್ರೆಗೆ ಒಣ ರಾಗಿ ತುಂಬಿ, ತಟ್ಟಿ ಸಮಮಾಡಿ ಓದಿಕೊಳ್ಳಿ. ಪಾತ್ರೆಯಲ್ಲಿ ಕಲ್ಲಿಟ್ಟು ಅದೇ ರಾಗಿಯನ್ನು ಮತ್ತೆ ಸುರಿದು, ಮೊದಲಿನಷ್ಟೇ ತಟ್ಟಿ ಓದಿ. ಎರಡರ ವ್ಯತ್ಯಾಸ ಕಲ್ಲಿನ ಗಾತ್ರ. 160 ಗ್ರಾಂ ಕಲ್ಲು 75 ಮಿಲಿಲೀಟರ್ ಜಾಗ ಹಿಡಿದರೆ ಸಾಂದ್ರತೆ ಸುಮಾರು 2.1. ತಟ್ಟುವುದರಲ್ಲಿ ಹೆಚ್ಚುಕಡಿಮೆಯಾದರೆ ಅಂಕಿ ಹಾರುತ್ತದೆ, ಆದ್ದರಿಂದ ಐದು ಸಲ ಮಾಡಿ ಸರಾಸರಿ ಹಿಡಿಯಿರಿ. ಡಾಲರೈಟ್ 3ರ ಹತ್ತಿರ, ಸಾಮಾನ್ಯ ಕಾಂಡ್ರೈಟ್ ಸುಮಾರು 3.3ರಿಂದ 3.6, ಸಿಎಮ್ 2.2ರ ಆಸುಪಾಸು, ಸಿಐ ಅದಕ್ಕೂ ಕಡಿಮೆ. ಕೈಗೆ ಭಾರವಾದ ಕರಿಕಲ್ಲು ಸಿಐ, ಸಿಎಮ್ ಆಗಲಾರದು. ಹಗುರವಾದದ್ದೆಲ್ಲ ಆಗುತ್ತದೆ ಎಂದೂ ಅಲ್ಲ.

ಗಡಿ ಜಿಲ್ಲೆಗಳಲ್ಲಿ ಅಕ್ಕಿಕಾಳನ್ನು ಎಳೆಯುವ ವಸ್ತು ಎಂದು ನಂಬಿಸುವ ರೈಸ್ ಪುಲ್ಲರ್ ಹೆಸರಿನ ಮೋಸ ಇನ್ನೂ ನಡೆಯುತ್ತಿದೆ. ಇರಿಡಿಯಂ ತುಂಬಿದ ಪಾತ್ರೆ, ಸಿಡಿಲು ಬಡಿದ ತಾಮ್ರ, ಆಕಾಶದಿಂದ ಬಿದ್ದ ಕಲ್ಲು ಎಂದು ಲಕ್ಷಗಳನ್ನು ಕಿತ್ತುಕೊಳ್ಳುತ್ತಾರೆ. ಉಲ್ಕಾಶಿಲೆಯಲ್ಲಿ ಇರಿಡಿಯಂ ಭೂಮಿಯ ಕಲ್ಲಿಗಿಂತ ಹೆಚ್ಚು ಎಂಬುದು ನಿಜ. ಎಷ್ಟು ಹೆಚ್ಚು? ಸಿಐನಲ್ಲಿ ಒಂದು ಟನ್ನಿಗೆ ಅರ್ಧ ಗ್ರಾಂಗೂ ತುಸು ಕಡಿಮೆ. ಇಂದು ಉಳಿದಿರುವ ಒರ್ಗೈ ಕಲ್ಲು ಸುಮಾರು 14 ಕಿಲೋ; ಅದನ್ನೆಲ್ಲ ಕುಟ್ಟಿ ಸೋಸಿದರೂ ಸಿಗುವ ಇರಿಡಿಯಂ 7 ಮಿಲಿಗ್ರಾಂ ಮುಟ್ಟುವುದಿಲ್ಲ. ಅಕ್ಕಿಕಾಳನ್ನು ಎಳೆಯುವ ಗುಣವಂತೂ ಇರಿಡಿಯಂಗೂ ಇಲ್ಲ, ಯಾವ ಉಲ್ಕಾಶಿಲೆಗೂ ಇಲ್ಲ.

ನಿಜವಾಗಿಯೂ ಬಿದ್ದರೆ

ಬೆಂಕಿಯುಂಡೆ ಕಂಡು, ಸದ್ದು ಕೇಳಿ, ಆಮೇಲೆ ಕಲ್ಲು ಸಿಕ್ಕಿದ್ದರೆ ಮೊದಲ ಕೆಲವು ಗಂಟೆಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. 2021ರ ಫೆಬ್ರುವರಿ 28ರಂದು ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಬಿದ್ದ ಸಿಎಮ್ ಕಲ್ಲಿಗೆ ಇಷ್ಟು ಬೆಲೆ ಬಂದದ್ದು ಮೊದಲ ಚೂರುಗಳನ್ನು ಸುಮಾರು 12 ಗಂಟೆಯೊಳಗೆ, ಮಳೆಗೆ ಮುನ್ನ ಎತ್ತಿದ್ದರಿಂದ. 2019ರ ಏಪ್ರಿಲ್‌ನಲ್ಲಿ ಕೋಸ್ಟರಿಕಾದ ಅಗ್ವಾಸ್ ಸರ್ಕಾಸ್‌ನಲ್ಲಿ ಬಿದ್ದವನ್ನು ಮಳೆಗೆ ಮೊದಲಿನವು, ನಂತರದವು ಎಂದೇ ಬೇರೆ ಬೇರೆ ಇಟ್ಟಿದ್ದಾರೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದರೆ ಒಂದು ಸಂಜೆಯ ಮಳೆ ಸಾಕು.

ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲಿ ಅಮೈನೋ ಆಮ್ಲಗಳಿವೆ. ಹೊಸ ಅಲ್ಯೂಮಿನಿಯಂ ಹಾಳೆಯಿಂದ ಎತ್ತಿ ಅದರಲ್ಲೇ ಸುತ್ತಿ, ಒಣಗಿದ ಗಾಜಿನ ಭರಣಿಯಲ್ಲಿ ಮುಚ್ಚಿಡಿ. ನೈಲಾನ್ ಚೀಲ ಬೇಡ, ಅದರಿಂದ ಹೊರಡುವ ಕ್ಯಾಪ್ರೊಲ್ಯಾಕ್ಟಮ್ ಅಮೈನೋ ಆಮ್ಲದ ಪರೀಕ್ಷೆಯನ್ನು ಕೆಡಿಸುತ್ತದೆ. ತೊಳೆಯಬೇಡಿ, ಎಣ್ಣೆ ಸವರಬೇಡಿ, ಅರಿಶಿನ–ಕುಂಕುಮ ಇಡಬೇಡಿ. ಭಕ್ತಿ ತೋರಿಸುವ ಮನಸ್ಸಿದ್ದರೆ ಭರಣಿಯ ಹೊರಗೆ ತೋರಿಸಿದರಾಯಿತು. ಬಿದ್ದ ಜಾಗದ ಚಿತ್ರ ತೆಗೆದು, ಫೋನಿನ ಸ್ಥಳಗುರುತು, ಸಮಯ, ಬಿದ್ದಮೇಲೆ ಮಳೆಯಾಯಿತೇ ಎಂಬುದನ್ನು ಬರೆದಿಡಿ. ಗುಂಡಿಯ ಮಣ್ಣನ್ನೂ ಒಂದು ಹಿಡಿ ಬೇರೆ ಭರಣಿಯಲ್ಲಿ ತೆಗೆದಿಡಿ. ಕಲ್ಲಿಗೆ ಮಣ್ಣಿನಿಂದ ಏನು ಸೇರಿತು ಎಂದು ಕಳೆಯಲು ಅದು ಬೇಕಾಗುತ್ತದೆ.

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲನೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು, ಸಂಗ್ರಹ ಕೋಲ್ಕತ್ತದಲ್ಲಿದೆ. ತಹಶೀಲ್ದಾರರ ಮೂಲಕ ಅಲ್ಲಿಗೆ ಮುಟ್ಟಿಸುವುದು ಸರಿಯಾದ ದಾರಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಕಡೆ ಮುಂದಿನ ವಿಶ್ಲೇಷಣೆ ನಡೆಯುತ್ತದೆ: 30 ಮೈಕ್ರಾನ್ ದಪ್ಪದ ಛೇದ (ನೀರಿಲ್ಲದೆ ಉಜ್ಜಿದ್ದು), ಆಲಿವೀನಿನ ಕಬ್ಬಿಣದ ಅಳತೆ, ಪದರ ಖನಿಜಗಳಿಗೆ ಎಕ್ಸ್-ರೇ ವಿವರ್ತನೆ, ಕೊನೆಗೆ ಆಮ್ಲಜನಕದ ಐಸೋಟೋಪು. ಅಂತಾರಾಷ್ಟ್ರೀಯ ಉಲ್ಕಾಶಿಲಾ ಸಂಘ ಹೆಸರು ಕೊಡಬೇಕಾದರೆ ಒಟ್ಟು ತೂಕದ ಶೇ 20 ಅಥವಾ 20 ಗ್ರಾಂ, ಯಾವುದು ಕಡಿಮೆಯೋ ಅಷ್ಟು, ಮಾನ್ಯ ಸಂಗ್ರಹದಲ್ಲಿ ಇಟ್ಟಿರಬೇಕು. ಇಷ್ಟೂ ಆದಮೇಲೆ ಬರುವ ಎರಡಕ್ಷರ, ಒಂದು ಅಂಕಿಗೆ ಮಾತ್ರ ವರ್ಗ ಎಂದು ಹೆಸರು.

ಬೆನ್ನುವಿನ 121.6 ಗ್ರಾಂನಲ್ಲಿ ಕನಿಷ್ಠ ಶೇ 70ನ್ನು ನಾಸಾ ಈಗ ಮುಟ್ಟದೆ, ಮುಂದಿನ ತಲೆಮಾರಿನವರಿಗೆಂದು ಮುಚ್ಚಿಟ್ಟಿದೆ. ಒರ್ಗೈಯ ಬಿಳಿ ಎಳೆಗಳು ಕ್ಷುದ್ರಗ್ರಹದ್ದಲ್ಲ, ಕಪಾಟಿನ ತೇವದ್ದು ಎಂದು ತಿಳಿಯಲು 137 ವರ್ಷ ಬೇಕಾಯಿತು.